ಭಾನುವಾರ ಬೆಳಗ್ಗೆ ಸೈಕಲ್ ರಿಪೇರಿ ಕಲಿಸೋದು ಹೇಗೆ

2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡ್ತಲ್ಲ, ಅಂಥ ಎಷ್ಟೋ ಸೈಕಲ್ಲು ನಮ್ಮ ಕಡೆ ಕೊಟ್ಟಿಗೆ ಗೋಡೆಗೆ ಒರಗಿಕೊಂಡು ತುಕ್ಕು ಹಿಡೀತಿದ್ವು, ನೋಡಿದ್ರೆ ಹೊಟ್ಟೆ ಉರೀತಿತ್ತು, ಯಾಕಂದ್ರೆ ಆಗಿದ್ದು ಬರೀ ಪಂಕ್ಚರ್ರು. ಈಗ ನಾವು ನಾಲ್ಕು ಜನ ಭಾನುವಾರ ಬೆಳಗ್ಗೆ ಶಾಲೆ ಕಟ್ಟೆ ಮೇಲೆ ಕೂತು ಕಲಿಸ್ತೀವಿ. ನಿಮ್ಮೂರಲ್ಲೂ ಮಾಡಿ.

ಸ್ಪ್ಯಾನರ್, ಟೈರ್ ಎಬ್ಬಿಸೋಕೆ ಎರಡು ಲಿವರ್, ಪಂಪು, ಉಪ್ಪುಕಾಗದ, ಸೊಲ್ಯೂಷನ್, ಪ್ಯಾಚು, ಒಂದು ಬೇಸನ್ ನೀರು, ಇಷ್ಟಿದ್ರೆ ಸಾಕು.

ಟೈರ್ ಬಿಚ್ಚೋಕೆ ಮೊದ್ಲು ಗಾಳಿ ತುಂಬಿ ವಾಲ್ ಮೇಲೆ ಎರಡು ಹನಿ ನೀರು ಬಿಡಿ. ಗುಳ್ಳೆ ಬಂದ್ರೆ ಒಳಗಿನ ವಾಲ್ ಟ್ಯೂಬ್, ಅಂದ್ರೆ ವಾಲ್‌ಗೆ ಹಾಕಿರೋ ಸಣ್ಣ ರಬ್ಬರ್ ಕೊಳವೆ, ಹೋಗಿದೆ ಅಂತ, ಹೊಸದು ಹಾಕಿದ್ರೆ ಮುಗೀತು. ಬರ್ಲಿಲ್ಲ ಅಂದ್ರೆ ಟೈರನ್ನ ಒಂದು ಕಡೆಯಿಂದ ಮಾತ್ರ ಎಬ್ಬಿಸಿ ಟ್ಯೂಬ್ ಹೊರಗೆ ಎಳೀರಿ, ಇದಕ್ಕೆ ಚಕ್ರ ಕಳಚೋದೇ ಬೇಡ. ಸ್ವಲ್ಪ ಗಾಳಿ ಹೊಡೆದು ನೀರಲ್ಲಿ ಮುಳುಗಿಸಿ, ಗುಳ್ಳೆ ಬಂದ ಜಾಗಕ್ಕೆ ಪೆನ್ನಲ್ಲಿ ಗುರುತು ಹಾಕಿ, ಗಾಳಿ ಬಿಟ್ಟು ಒರೆಸಿ ಉಪ್ಪುಕಾಗದದಲ್ಲಿ ಉಜ್ಜಿ. ಸೊಲ್ಯೂಷನ್ ತೆಳ್ಳಗೆ ಸವರಿದ್ಮೇಲೆ ಐದು ನಿಮಿಷ ಕಾಯ್ಲೇಬೇಕು. ಎಲ್ರೂ ತಪ್ಪೋದು ಇಲ್ಲೇ, ಹಸಿ ಇದ್ದಾಗ್ಲೇ ಪ್ಯಾಚ್ ಅಂಟಿಸ್ತಾರೆ, ಸಂಜೆ ಹೊತ್ತಿಗೆ ಅದು ಎದ್ದು ಬರುತ್ತೆ.

ಆಮೇಲೆ ಟೈರ್ ಒಳಗೆ ಹಳೇ ಬಟ್ಟೆ ಚೂರು ಹಿಡ್ಕೊಂಡು ಸುತ್ತ ಸವರಿ, ಜಾಲಿ ಮುಳ್ಳಿನ ತುದಿ ಇದ್ರೆ ಬಟ್ಟೆ ಅಲ್ಲೇ ಸಿಕ್ಕಾಕೊಳ್ಳುತ್ತೆ. ಮುಳ್ಳು ತೆಗೀದೆ ಟ್ಯೂಬ್ ಹಾಕಿದ್ರೆ ಮನೆ ಮುಟ್ಟೋದ್ರೊಳಗೆ ಮತ್ತೆ ಪಂಕ್ಚರ್ರೇ.

ಕಲಿಸೋರಿಗೆ ಒಂದೇ ನಿಯಮ, ಸ್ಪ್ಯಾನರ್ ನೀವು ಮುಟ್ಟಬೇಡಿ. ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಳು ಟೈರ್ ಕೂರಿಸೋಕೆ ಇಪ್ಪತ್ತು ನಿಮಿಷ ಒದ್ದಾಡಿದ್ಳು, ಅವ್ರಪ್ಪ "ತಾರವ್ವ ಇಲ್ಲಿ, ನಾ ಹಾಕ್ತೀನಿ" ಅಂತ ಎರಡು ಸಲ ಕೈ ಚಾಚಿದ್ರು, ನಾವೇ ತಡೆದ್ವಿ. ಕೊನೇ ಅಂಚು ಹೆಬ್ಬೆರಳಲ್ಲಿ ಒತ್ತಿ ಕೂರಿಸಿದಾಗ ಅವಳ ಮುಖ ನೋಡ್ಬೇಕಿತ್ತು! ಮುಂದಿನ ವಾರ ತಮ್ಮನಿಗೆ ಅವಳೇ ಹೇಳಿಕೊಡ್ತಿದ್ಳು.

ಚೈನು, ಬ್ರೇಕು ಎರಡನೇ ವಾರಕ್ಕಿರ್ಲಿ. ಚೈನ್ ಮಧ್ಯದಲ್ಲಿ ಒತ್ತಿದ್ರೆ ಅರ್ಧ ಇಂಚು ಆಡ್ಬೇಕು, ಧೂಳು ಒರೆಸಿಯೇ ಎಣ್ಣೆ ಬಿಡ್ಬೇಕು. ಬ್ರೇಕ್ ರಬ್ಬರ್ ಸವೆದಿದ್ರೆ ಬದಲಾಯಿಸೋದೇ, ಅದ್ರಲ್ಲಿ ಉಳಿತಾಯ ನೋಡ್ಬೇಡಿ.

ಮನೆಗೆ ಹೋಗುವಾಗ ಪಂಪು ಮಾತ್ರ ಒಯ್ಯಬೇಡಿ, ಹತ್ತಿರದ ಅಂಗಡೀಲಿ ಇಟ್ಟು ಹೋಗಿ, ವಾರವಿಡೀ ಯಾರಿಗಾದ್ರೂ ಬೇಕಾಗ್ತಾನೇ ಇರುತ್ತೆ.