ಮನೆಯಲ್ಲೇ ನೋವು ಹತೋಟಿ: ಗಡಿಯಾರ ನೋಡಿ, ಬರೆದಿಡಿ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ನೋವು ತಡೆಯಲಾಗದಷ್ಟಾದ ಮೇಲೇ ಮಾತ್ರೆ ನುಂಗುವುದು ಹಲವರ ರೂಢಿ. ತಪ್ಪು ಅಲ್ಲೇ ಶುರು. ಏರಿದ ನೋವನ್ನು ಇಳಿಸುವುದು ಕಷ್ಟ, ಮಾತ್ರೆ ಹಿಡಿಯುವುದಕ್ಕೂ ಅರ್ಧದಿಂದ ಒಂದು ಗಂಟೆ ಬೇಕು. ಆಪರೇಷನ್ ಅಥವಾ ಕ್ಯಾನ್ಸರ್ ನೋವಿಗೆ ವೈದ್ಯರು ಹೊತ್ತು ಬರೆದುಕೊಟ್ಟಿದ್ದರೆ, ನೋವಿರಲಿ ಇಲ್ಲದಿರಲಿ, ಆ ಹೊತ್ತಿಗೇ ತೆಗೆದುಕೊಳ್ಳಿ.

ಮೊದಲು ಒಂದು ನೋಟ್‌ಬುಕ್ ಇಡಿ. ಗಂಟೆ, ನೋವಿನ ಜಾಗ, 0ಯಿಂದ (ನೋವೇ ಇಲ್ಲ) 10ರೊಳಗೆ (ತಡೆಯಲಾಗದ ನೋವು) ಎಷ್ಟು, ಯಾವ ಮಾತ್ರೆ, ಒಂದು ಗಂಟೆಯ ನಂತರ ಎಷ್ಟು. ನೋವು ಉರಿಯೋ, ಸೆಳೆತವೋ, ಜೋಮೋ ಅನ್ನುವುದನ್ನೂ ಬರೆಯಿರಿ. ಉರಿ, ಜೋಮು ನರದ ನೋವಿರಬಹುದು. ಅದಕ್ಕೆ ಮಾಮೂಲಿ ಮಾತ್ರೆ ಸಾಲದು, ಔಷಧವೇ ಬೇರೆ.

ಪ್ಯಾರಾಸಿಟಮಾಲ್ 650 ಆದರೆ ಆರು ಗಂಟೆಗೊಂದು, ದಿನಕ್ಕೆ ನಾಲ್ಕಕ್ಕೆ ಮೀರಬಾರದು. ನೆಗಡಿ ಮಾತ್ರೆಯಲ್ಲೂ ಇದೇ ಇರುವುದುಂಟು, ಸ್ಟ್ರಿಪ್ ಓದಿ; ಎರಡೂ ಸೇರಿದರೆ ಲಿವರ್‌ಗೆ ಪೆಟ್ಟು. ತೂಕ 50 ಕೆ.ಜಿ.ಗಿಂತ ಕಡಿಮೆಯಿದ್ದವರು, ಲಿವರ್ ತೊಂದರೆಯವರು, ಕುಡಿಯುವವರು ವೈದ್ಯರನ್ನು ಕೇಳಿಯೇ ಶುರುಮಾಡಿ.

ಡೈಕ್ಲೊಫೆನಾಕ್, ಐಬುಪ್ರೊಫೆನ್ ಜಾತಿಯವು ಹೊಟ್ಟೆ, ಕಿಡ್ನಿ ಎರಡನ್ನೂ ಕೆಡಿಸಬಲ್ಲವು. ಊಟವಾದ ಮೇಲೇ ನುಂಗಿ, ಎರಡನ್ನು ಒಟ್ಟಿಗೆ ಬೇಡ. ಬಿ.ಪಿ., ಕಿಡ್ನಿ, ಹೃದಯದ ತೊಂದರೆ, ಅಲ್ಸರ್ ಇದ್ದವರು ತಾವಾಗಿ ಮುಟ್ಟಬಾರದು. ಹೆಸರಿಲ್ಲದ ಬಿಡಿ ಮಾತ್ರೆಗಳ ಪೊಟ್ಟಣವನ್ನಂತೂ ತರಲೇಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ನೋವು ತಟ್ಟನೆ ಇಳಿಯುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ.

ಹಳೆಯ ಬೆನ್ನು, ಮಂಡಿ ನೋವಿಗೆ ಬಿಸಿನೀರಿನ ಬ್ಯಾಗನ್ನು ಟವಲಿನಲ್ಲಿ ಸುತ್ತಿ 15 ನಿಮಿಷ ಇಡಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ ಅಲ್ಲಿ ಶಾಖ ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ. ಇನ್ನೊಂದು ಮಾತು: ಬಾಗೇಪಲ್ಲಿ, ಪಾವಗಡದ ಕಡೆ ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದಲೂ ಕೀಲು, ಬೆನ್ನು ಬಿಗಿಯುತ್ತವೆ. ಕಾಯಿಸಿದರೆ ಅದು ಹೋಗುವುದಿಲ್ಲ, ಶುದ್ಧೀಕರಣ ಘಟಕದ ನೀರನ್ನೇ ಕುಡಿಯಿರಿ.

ತೀವ್ರ ನೋವಿಗೆ ಕೊಡುವ ಬಲವಾದ ಔಷಧ ಮಾರ್ಫಿನ್ ಕೊಟ್ಟಿದ್ದರೆ ಹೆದರಬೇಡಿ. ವೈದ್ಯರು ಹೇಳಿದಂತೆ ತೆಗೆದುಕೊಂಡರೆ ಅದು ಬಹಳ ಆಸರೆ. ಮಲಬದ್ಧತೆ ಮಾತ್ರ ಹೆಚ್ಚಿನವರಿಗೆ ಬರುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧ ಕೇಳಿ ತೆಗೆದುಕೊಳ್ಳಿ. ಮಾರ್ಫಿನ್ನನ್ನು ತಟ್ಟನೆ ನಿಲ್ಲಿಸಬೇಡಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ ಕೂಡಲೇ 108ಕ್ಕೆ ಕರೆ ಮಾಡಿ.

ಕಪ್ಪು ಮಲ, ಮೂತ್ರ ಕಡಿಮೆಯಾಗುವುದು, ಎದೆನೋವು, ಬೆನ್ನುನೋವಿನ ಜೊತೆ ಕಾಲು ಸೋಲುವುದು ಅಥವಾ ಮೂತ್ರ ಕಟ್ಟುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ನೋಟ್‌ಬುಕ್ ಹಿಡಿದೇ ಆಸ್ಪತ್ರೆಗೆ ಹೋಗಿ.