ಕೋರಸ್ ಪೆಡಲ್‌ನ ಅಪಶ್ರುತಿಯನ್ನು ನಾನು ನಿವಾರಿಸಿಕೊಂಡ ಬಗೆ

ಗಿಟಾರಿನ ನಾದವನ್ನು ಮಾರ್ಪಡಿಸುವ, ಕಾಲಿನಿಂದ ಒತ್ತುವ ಸಾಧನವಾದ ಕೋರಸ್ ಪೆಡಲನ್ನು ಜೋಡಿಸಿದ ಮೊದಲ ವಾರಗಳಲ್ಲಿ ನನ್ನ ಗಿಟಾರು ಶ್ರುತಿ ತಪ್ಪಿದಂತೆ ಕೇಳಿಸುತ್ತಿತ್ತು. ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ಸೇರಿಸಿದೊಡನೆ ಕಾರ್ಡ್‌ಗಳೆಲ್ಲ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಕಲಸಿಹೋಗುತ್ತಿದ್ದವು. ತಂತಿಗಳನ್ನು ಬದಲಿಸಿದೆ, ಟ್ಯೂನರ್‌ನಲ್ಲಿ ಮತ್ತೆ ಮತ್ತೆ ಪರೀಕ್ಷಿಸಿದೆ, ದೋಷ ಅಲ್ಲಿರಲಿಲ್ಲ.

ಕೋರಸ್ ಪೆಡಲ್ ಮೂಲ ನಾದದ ಒಂದು ನಕಲನ್ನು ಕೆಲವೇ ಮಿಲಿಸೆಕೆಂಡುಗಳಷ್ಟು ತಡಮಾಡಿ, ಆ ವಿಳಂಬವನ್ನು ನಿಧಾನವಾಗಿ ಹೆಚ್ಚುಕಡಿಮೆ ಮಾಡುತ್ತಾ ಮೂಲದೊಡನೆ ಬೆರೆಸುತ್ತದೆ. ವಿಳಂಬ ಬದಲಾಗುವಾಗ ನಕಲಿನ ಶ್ರುತಿ ತುಸು ಏರಿಳಿಯುವುದರಿಂದಲೇ ಇಬ್ಬರು ಒಟ್ಟಿಗೆ ನುಡಿಸಿದ ಭಾಸವಾಗುತ್ತದೆ. ಹೊಸ ಆಟಿಕೆ ಸಿಕ್ಕ ಉತ್ಸಾಹದಲ್ಲಿ ನಾನು ರೇಟ್ (ಏರಿಳಿತದ ವೇಗ) ಮತ್ತು ಡೆಪ್ತ್ (ಏರಿಳಿತದ ಪ್ರಮಾಣ) ಎರಡನ್ನೂ ಬಹಳ ಮೇಲಿಟ್ಟಿದ್ದೆ. ಹೀಗಾಗಿ ಆ ಏರಿಳಿತವೇ ಅಪಶ್ರುತಿಯಾಗಿ ಕಿವಿಗೆ ಬಡಿಯುತ್ತಿತ್ತು.

ಎರಡನ್ನೂ ಪೂರ್ತಿ ಇಳಿಸಿ, ಕದಲಿಕೆ ಕೇಳಿಸತೊಡಗುವವರೆಗೆ ಮಾತ್ರ ಡೆಪ್ತನ್ನು ಏರಿಸಿದೆ. ಡಿಸ್ಟಾರ್ಷನ್‌ಗೆ ಮುಂಚೆ ಇದ್ದ ಕೋರಸ್ಸನ್ನು ಅದರ ನಂತರಕ್ಕೆ ಸರಿಸಿದೆ. ಶ್ರುತಿ ಭಿನ್ನವಾದ ಎರಡು ನಾದಗಳು ಒಟ್ಟಿಗೆ ಡಿಸ್ಟಾರ್ಷನ್‌ಗೆ ಹೊಕ್ಕಾಗ ಹುಟ್ಟುವ ಕರ್ಕಶ ಸ್ವರಗಳು ಅಲ್ಲಿಗೆ ನಿಂತವು. ಕೋರಸ್ ಪೆಡಲ್‌ಗಳ ಪರಂಪರೆಗೆ ನಾಂದಿಯಾದ 1976ರ ಬಾಸ್ (Boss) ಕಂಪನಿಯ ಸಿಇ-1ರಂತೆ ಸ್ಟೀರಿಯೊ ಔಟ್‌ಪುಟ್ ಇರುವ ಪೆಡಲ್‌ಗೆ ಎರಡು ಆಂಪ್ (ಆಂಪ್ಲಿಫೈಯರ್) ಜೋಡಿಸಿದರೆ ನಾದ ಇನ್ನೂ ವಿಶಾಲವಾಗುತ್ತದೆ. ಆದರೆ ಆಂಪ್ ಒಂದೇ ಇರುವವರು ಸ್ಟೀರಿಯೊಗಿಂತ ಮಿಕ್ಸ್ ನಾಬ್ (ಮೂಲ ನಾದಕ್ಕೆ ಕೋರಸ್ ಎಷ್ಟು ಬೆರೆಯಬೇಕೆಂದು ಹೊಂದಿಸುವ ತಿರುಪು) ಇರುವ ಪೆಡಲನ್ನೇ ಆರಿಸಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ.