ಫೋರ್ಟ್ ಡೇವಿಸ್‌ಗೆ ಹೋಗುವ ಮುಂಚೆ ನಾನು ಮಾಡಿಕೊಂಡ ತಯಾರಿ

ಆಸ್ಟಿನ್ ಕಡೆಯಿಂದ ಪಶ್ಚಿಮ ಟೆಕ್ಸಾಸ್‌ಗೆ ಹೊರಡುವ ನಮ್ಮವರು ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನಕ್ಕೆ ದಿನಗಟ್ಟಲೆ ಇಟ್ಟುಕೊಳ್ಳುತ್ತಾರೆ, ಹಳೆಯ ಸೇನಾ ಠಾಣೆಯಾದ ಫೋರ್ಟ್ ಡೇವಿಸ್‌ಗೆ ಮಾತ್ರ ಅರ್ಧ ಗಂಟೆ. ಅದು ಸಾಲುವುದಿಲ್ಲ. ಕಡಿಮೆ ಅಂದರೂ ಅರ್ಧ ದಿನ ಬೇಕು, ಅದೂ ಬೆಳಗಿನ ಹೊತ್ತು.

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕೋಟೆಗೋಡೆ ಇಲ್ಲ. ಚಿತ್ರದುರ್ಗ ನೋಡಿದ ಕಣ್ಣು ಬುರುಜು, ಹೆಬ್ಬಾಗಿಲು ಹುಡುಕುತ್ತದೆ. ಇರುವುದು ಬಂಡೆಗಳ ನಡುವಿನ ಒಂದು ಕಣಿವೆ, ಅದರ ಬಾಯಲ್ಲಿ ದೊಡ್ಡ ಕವಾಯತು ಮೈದಾನ, ಒಂದು ಬದಿಗೆ ಅಧಿಕಾರಿಗಳ ಮನೆಗಳ ಸಾಲು, ಎದುರಿಗೆ ಸಿಪಾಯಿಗಳ ಬ್ಯಾರಕ್ಕು. 1854ರಲ್ಲಿ ಸ್ಯಾನ್ ಆಂಟೋನಿಯೊದಿಂದ ಎಲ್ ಪಾಸೊಗೆ ಹೋಗುವ ರಸ್ತೆ ಕಾಯಲು ಸೇನೆ ಇಲ್ಲಿ ಬೀಡುಬಿಟ್ಟಿತು. ಆ ರಸ್ತೆ ಹಾದುಹೋಗಿದ್ದೇ ಮೂಲನಿವಾಸಿಗಳಾದ ಅಪಾಚೆ, ಕೊಮಾಂಚೆ ಜನರ ನೆಲದ ಮೇಲೆ, ಅದು ನೆನಪಿರಬೇಕು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಠಾಣೆ ಪಾಳುಬಿತ್ತು. 1867ರಲ್ಲಿ ಕಪ್ಪು ಸೈನಿಕರ 9ನೇ ಅಶ್ವದಳ ಬಂದ ಮೇಲೆ ಹೊಸದಾಗಿ ಕಟ್ಟಿದರು. ಈಗ ಕಾಣುವುದು ಬಹುತೇಕ ಆ ಎರಡನೇ ಕೋಟೆ. 1891ರಲ್ಲಿ ಸೇನೆ ಬಿಟ್ಟುಹೋಯಿತು, 1961ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು.

ನನ್ನ ತಯಾರಿಯಲ್ಲಿ ಮುಖ್ಯವಾದದ್ದು ಹೆನ್ರಿ ಫ್ಲಿಪ್ಪರ್ ಬಗ್ಗೆ ಮೊದಲೇ ಓದಿಕೊಂಡದ್ದು. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಪದವಿ ಪಡೆದ ಮೊದಲ ಕಪ್ಪು ಅಮೆರಿಕನ್ ಆತ, 1877ರಲ್ಲಿ. ಇಲ್ಲಿ ಅವನಿಗೆ ಸಿಕ್ಕ ಕೆಲಸ ದಿನಸಿ ಉಗ್ರಾಣದ ಲೆಕ್ಕಪತ್ರ. ಹಣ ಕಡಿಮೆ ಬಂತು ಅಂತ 1881ರಲ್ಲಿ ಸೇನಾ ನ್ಯಾಯಾಲಯ ಕೂತಿತು, ಹಣ ತಿಂದ ಆರೋಪ ನಿಲ್ಲಲಿಲ್ಲ, ಆದರೂ ಅಧಿಕಾರಿಗೆ ತಕ್ಕ ನಡತೆಯಲ್ಲ ಅಂತ ಹೇಳಿ ಮುಂದಿನ ವರ್ಷ ಸೇನೆಯಿಂದಲೇ ತೆಗೆದುಹಾಕಿದರು. ಅವನು ಬದುಕಿರುವವರೆಗೂ ಆ ಕಳಂಕ ಹೋಗಲಿಲ್ಲ. ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೊಟ್ಟಿದ್ದು 1999ರಲ್ಲಿ! ಇದನ್ನು ತಿಳಿದುಕೊಂಡು ಹೋದರೆ ಆ ಉಗ್ರಾಣದ ಮುಂದೆ ಸುಮ್ನೆ ಫೋಟೊ ತೆಗೆದು ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ನೋಡುವ ಕ್ರಮವೂ ಮುಖ್ಯ. ಮೊದಲು ಸಂದರ್ಶಕರ ಕೇಂದ್ರ, ಅಲ್ಲಿಂದ ಬ್ಯಾರಕ್ಕು, ಉಗ್ರಾಣ, ಠಾಣೆಯ ಮುಖ್ಯ ಸೇನಾಧಿಕಾರಿಯ ಮನೆ. ಕೆಲವು ಕಟ್ಟಡಗಳ ಒಳಗೆ 1880ರ ದಶಕದ ಮಂಚ, ಪೆಟ್ಟಿಗೆ, ಪಾತ್ರೆ ಎಲ್ಲ ಜೋಡಿಸಿಟ್ಟಿದ್ದಾರೆ. ಇವನ್ನು ನೋಡಿದ ಮೇಲೆ ಪಾಳುಗೋಡೆಗಳ ಕಡೆ ಹೋಗಿ, ಆಗ ಯಾವ ಅಡಿಪಾಯದ ಮೇಲೆ ಏನಿತ್ತು ಅಂತ ಕಣ್ಣಿಗೆ ಕಟ್ಟುತ್ತದೆ. ಆಸ್ಪತ್ರೆ ಬಿಡಬೇಡಿ, ಸ್ವಲ್ಪ ದೂರದಲ್ಲಿದೆ ಅಂತ ಜಾಸ್ತಿ ಜನ ಅತ್ತ ಹೋಗುವುದೇ ಇಲ್ಲ. ಗಡಿಯ ಸಿಪಾಯಿಯನ್ನು ಮಲಗಿಸುತ್ತಿದ್ದದ್ದು ಗಾಯಕ್ಕಿಂತ ಹೆಚ್ಚಾಗಿ ಭೇದಿ, ಜ್ವರ. ಅದು ಅರ್ಥವಾಗುವುದು ಅಲ್ಲೇ. ಹಸಿ ಇಟ್ಟಿಗೆಯ ಗೋಡೆಗಳನ್ನು ಮಾತ್ರ ಮುಟ್ಟಬೇಡಿ, ಮಕ್ಕಳನ್ನು ಹತ್ತಿಸಬೇಡಿ. ಮಳೆ ಗಾಳಿಗೇ ಕರಗುವ ಗೋಡೆ ಅದು. ದಯವಿಟ್ಟು.

ದಾರಿಯ ವಿಷಯ. ಆಸ್ಟಿನ್‌ನಿಂದ ಕಾರಿನಲ್ಲಿ ಆರು ಗಂಟೆಗೂ ಮೇಲೆ. ಫೋರ್ಟ್ ಸ್ಟಾಕ್‌ಟನ್‌ನಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ, ಮುಂದೆ ಬಂಕ್‌ಗಳು ಕಡಿಮೆ. ಬಾಲ್ಮೊರಿಯಾ ಹತ್ತಿರ ದೊಡ್ಡ ಹೆದ್ದಾರಿ ಬಿಟ್ಟು 17ನೇ ರಸ್ತೆ ಹಿಡಿದರೆ ಲಿಂಪಿಯಾ ಕಣಿವೆಯೊಳಗೆ ಹೋಗುತ್ತೀರಿ, ಈ ತುಂಡನ್ನು ಬೆಳಕಿರುವಾಗ ಓಡಿಸಿ, ಚೆನ್ನಾಗಿದೆ. ಎಲ್ ಪಾಸೊ ಕಡೆಯಿಂದ ಬರುವವರಿಗೆ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಬಾಗಿಲು ಮುಚ್ಚುವ ಹೊತ್ತು ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ. ತೆರೆಯುವ ಸಮಯವನ್ನು ಹಿಂದಿನ ದಿನ ರಾಷ್ಟ್ರೀಯ ಉದ್ಯಾನ ಸೇವೆಯ ಜಾಲತಾಣದಲ್ಲಿ ನೋಡಿಕೊಳ್ಳಿ.

ಜಾಗ ಸಮುದ್ರಮಟ್ಟದಿಂದ ಸುಮಾರು 4,900 ಅಡಿ ಎತ್ತರದಲ್ಲಿದೆ. ಬೇಸಿಗೆಯಲ್ಲೂ ಬೆಳಗ್ಗೆ ಹಿತವಾಗಿರುತ್ತದೆ, ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು. ಟೋಪಿ, ನೀರು, ಮುಚ್ಚಿದ ಶೂ ಸಾಕು. ಹುಲ್ಲಿನಲ್ಲಿ ಬುಡಬುಡಿಕೆ ಹಾವು (ರ್ಯಾಟಲ್‌ಸ್ನೇಕ್) ಇರುತ್ತದೆ, ಕಾಲುದಾರಿ ಬಿಡಬೇಡಿ.

ರಾತ್ರಿ ಉಳಿಯಲು ಪಕ್ಕದಲ್ಲೇ ಡೇವಿಸ್ ಮೌಂಟನ್ಸ್ ಸ್ಟೇಟ್ ಪಾರ್ಕ್ ಇದೆ, ಅಲ್ಲಿಂದ ಕೋಟೆಗೆ ನಡೆದೇ ಬರುವ ಬೆಟ್ಟದ ದಾರಿಯೂ ಇದೆ. ಮೆಕ್‌ಡೊನಾಲ್ಡ್ ವೀಕ್ಷಣಾಲಯ ಹತ್ತಿರವೇ. ಅಲ್ಲಿ ನಕ್ಷತ್ರ ತೋರಿಸುವ ಕಾರ್ಯಕ್ರಮ ಎಲ್ಲ ದಿನ ಇರುವುದಿಲ್ಲ, ಟಿಕೆಟ್ ಬೇಗ ಖಾಲಿಯಾಗುತ್ತದೆ. ಮೊದಲು ಅದನ್ನು ಬುಕ್ ಮಾಡಿ, ಆ ತಾರೀಕಿಗೆ ಕೋಟೆಯ ದಿನವನ್ನು ಹೊಂದಿಸಿಕೊಳ್ಳಿ.